ಹೆಸರು ತೆಗೆದು ಮಕ್ಕಳ ವಿಷಯವನ್ನು ಎಐ ಹತ್ತಿರ ಕೇಳಿದರೆ ತಪ್ಪೇನು?

ನೀವು ಹಾಸ್ಟೆಲ್ ವಾರ್ಡನ್. ಹುಡುಗಿಯರು ಮನೆಯ ಕಷ್ಟ ಹೇಳಿಕೊಂಡಾಗ ಏನು ಉತ್ತರ ಕೊಡಬೇಕು ಅಂತ ಚಾಟ್‌ಬಾಟ್ ಹತ್ತಿರ ಕೇಳುತ್ತೀರಿ. ಹೆಸರು ಮಾತ್ರ ಹಾಕುವುದಿಲ್ಲ. ಫ್ರೀ ಇರುವುದು ಸಾಕಾ, ದುಡ್ಡು ಕೊಟ್ಟರೆ ಜಾಸ್ತಿ ಸುರಕ್ಷಿತವಾ ಅಂತ ನಿಮ್ಮ ಪ್ರಶ್ನೆ. ದುಡ್ಡಿನ ಮಾತು ಆಮೇಲೆ. "ಹೆಸರು ಮಾತ್ರ ಹಾಕುವುದಿಲ್ಲ" ಅಂದಿರಲ್ಲ, ನಾನೂ ಹಾಕಿರಲಿಲ್ಲ.

ನಾನು ಶಿರಸಿ ಕಡೆಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಟೀಚರ್. ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿ ಬೆಳಗ್ಗೆ ಮೊದಲ ಪೀರಿಯಡ್‌ನಲ್ಲೇ ತೂಕಡಿಸುತ್ತಿದ್ದಳು. ಊಟ ಆದಮೇಲೆ ಮಕ್ಕಳು ತೂಕಡಿಸುವುದು ಇದ್ದದ್ದೇ, ಬೆಳಗ್ಗೆ ಯಾಕೆ? ನೋಟ್‌ಬುಕ್ ತಿದ್ದುವಾಗ ಹಾಳೆಯ ಅಂಚಿನಲ್ಲಿ ಕಂದು ಬಣ್ಣದ ಬೆರಳಿನ ಗುರುತು ಕಂಡಿತು. ಮಾರನೇ ದಿನ ಅವಳ ಕೈ ನೋಡಿದೆ. ಹೆಬ್ಬೆರಳು, ತೋರುಬೆರಳು ಎರಡೂ ಕಪ್ಪು. ಹಸಿ ಅಡಿಕೆ ಸುಲಿದವರ ಕೈ ಹಾಗಾಗುತ್ತದೆ, ಸೋಪು ಹಾಕಿ ಎಷ್ಟು ಉಜ್ಜಿದರೂ ಕಲೆ ಬೇಗ ಹೋಗುವುದಿಲ್ಲ. ಅಪ್ಪನಿಗೆ ಕೆಲಸ ಮಾಡಲಾಗುತ್ತಿರಲಿಲ್ಲ. ಅಮ್ಮನ ಜೊತೆ ಇವಳೂ ರಾತ್ರಿ ಕೂಲಿಗೆ ಅಡಿಕೆ ಸುಲಿಯಲು ಹೋಗುತ್ತಿದ್ದಳು.

ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ನನ್ನಿಂದ ಅವಳ ಗುಟ್ಟು ಹೊರಗೆ ಹೋಯಿತು, ಹೇಗೆ ಅಂತ ಮುಂದೆ ಹೇಳುತ್ತೇನೆ. ಅಷ್ಟೆಲ್ಲಾ ಆದಮೇಲೂ ಈ ಟೀಚರ್ ಮತ್ತೆ ಅವಳ ಕಥೆಯನ್ನು ಇಲ್ಲಿ ಹರವಿಕೊಂಡು ಕೂತಿದ್ದಾಳಲ್ಲ ಅಂತ ನಿಮಗೆ ಅನಿಸಬಹುದು. ಊರು, ಕ್ಲಾಸು, ಕೆಲಸ, ಮನೆಯ ಕಷ್ಟ, ಯಾವುದೂ ನಿಜದಲ್ಲಿ ಇದ್ದ ಹಾಗೆ ಇಲ್ಲ. ಎಲ್ಲ ಬದಲಿಸಿದ್ದೇನೆ. ಅವಳೇ ಓದಿದರೂ ಇದು ನನ್ನದಾ ಅಂತ ಯೋಚಿಸಬೇಕು, ಅಷ್ಟು.

ಆಮೇಲೆ ಅವಳು ಇನ್ನೂ ಕೆಲವು ವಿಷಯ ಹೇಳಿದಳು. ನನ್ನ ಹತ್ತಿರ ಮಾತ್ರ. ನನಗೆ ಏನು ಮಾಡಬೇಕು ಗೊತ್ತಾಗಲಿಲ್ಲ. ರಾತ್ರಿ ಮನೆಗೆ ಬಂದು ಚಾಟ್‌ಬಾಟ್ ತೆರೆದೆ. "ನನ್ನ ಒಬ್ಬ ವಿದ್ಯಾರ್ಥಿನಿ ಕ್ಲಾಸಿನಲ್ಲಿ ನಿದ್ದೆ ಮಾಡುತ್ತಾಳೆ" ಅಂತ ಶುರು ಮಾಡಿದೆ. ಅಷ್ಟರಲ್ಲೇ ನಿಲ್ಲಿಸಿದ್ದರೆ ಏನೂ ಆಗುತ್ತಿರಲಿಲ್ಲ. ಅದು ಉತ್ತರ ಕೊಟ್ಟು, ಕೊನೆಗೆ ಮನೆಯ ಪರಿಸ್ಥಿತಿ ಸ್ವಲ್ಪ ತಿಳಿಸಿದರೆ ಇನ್ನೂ ಸರಿಯಾಗಿ ಹೇಳಬಹುದು ಅಂದಿತು. ತಿಳಿಸಿದೆ. ಇನ್ನೊಂದು ಕೇಳಿತು. ಅದನ್ನೂ ಹೇಳಿದೆ. ಎದುರಿಗೆ ಮನುಷ್ಯರು ಇದ್ದಿದ್ದರೆ ಮುಖ ನೋಡಿ ಎಲ್ಲೋ ಒಂದು ಕಡೆ ನಾಲಿಗೆ ತಡೆಯುತ್ತಿತ್ತು. ಇದಕ್ಕೆ ಮುಖ ಎಲ್ಲಿದೆ? ಕೊನೆಗೆ ಅಲ್ಲಿ ಏನೇನು ಇತ್ತು ನೋಡಿ: ಅಪ್ಪ ಮರದಿಂದ ಬಿದ್ದು ಸೊಂಟ ಹಿಡಿದಿದೆ. ಮನೆಯಲ್ಲಿ ಅಜ್ಜಿ ಇದ್ದಾರೆ. ತಂಗಿ ಅಂಗನವಾಡಿಗೆ ಹೋಗುತ್ತಾಳೆ. ಹುಡುಗಿ ಬೆಳಗಿನ ಮೊದಲ ಬಸ್ಸಿಗೆ ಬರುತ್ತಾಳೆ. ಅಮ್ಮ ಚಿಕ್ಕಪ್ಪನಿಗೆ ಗೊತ್ತಾಗದ ಹಾಗೆ ಸ್ತ್ರೀಶಕ್ತಿ ಸಂಘದಲ್ಲಿ ಸಾಲ ತೆಗೆದಿದ್ದಾರೆ. ಹುಡುಗಿಗೆ ಓದು ಬಿಟ್ಟು ಬೆಂಗಳೂರಿಗೆ ಕೆಲಸಕ್ಕೆ ಹೋಗಬೇಕು ಅನ್ನುವ ಯೋಚನೆ ಬಂದಿದೆ.

ಹೆಸರು ಎಲ್ಲೂ ಇಲ್ಲ. ನನಗೆ ಅದರ ಬಗ್ಗೆ ಒಂದು ಹೆಮ್ಮೆ ಬೇರೆ.

ಉತ್ತರ ಮಾತ್ರ ಚೆನ್ನಾಗಿತ್ತು. ಸುಳ್ಳು ಹೇಳುವುದಿಲ್ಲ. ಎಲ್ಲರೆದುರು ಎಬ್ಬಿಸಿ ನಿಲ್ಲಿಸಬೇಡಿ, ಮೊದಲ ಪೀರಿಯಡ್‌ನಲ್ಲಿ ಬಾಯಲ್ಲಿ ಓದಿಸುವ ಕೆಲಸ ಕೊಡಬೇಡಿ, ಅಮ್ಮನನ್ನು ಶಾಲೆಗೆ ಕರೆಸುವ ಬದಲು ನೀವೇ ಹೋಗಿ ಅಂತೆಲ್ಲ ಹೇಳಿತ್ತು. ಇದು ನಮ್ಮ ಟೀಚರ್‌ಗಳಿಗೆಲ್ಲ ಉಪಯೋಗ ಆಗುತ್ತದೆ ಅಂದುಕೊಂಡೆ.

ಇನ್ನು ಲಿಂಕ್ ವಿಷಯ. ಇದನ್ನು ಉದ್ದ ಹೇಳುತ್ತೇನೆ, ಬೇಜಾರಾದರೆ ದಾಟಿಕೊಂಡು ಹೋಗಿ. ನನಗೆ ಕಳಿಸಬೇಕಿದ್ದದ್ದು ಕೊನೆಯ ಉತ್ತರ ಒಂದೇ. ಮೊಬೈಲಿನಲ್ಲಿ ಅಷ್ಟುದ್ದದ ಬರಹವನ್ನು ಬೆರಳಿಟ್ಟು ಎಳೆದು ಕಾಪಿ ಮಾಡುವುದು ರಗಳೆ. ಪಕ್ಕದಲ್ಲೇ ಶೇರ್ ಬಟನ್ ಇತ್ತು. ಒತ್ತಿದೆ, ಲಿಂಕ್ ಬಂತು, ಸ್ಟಾಫ್ ವಾಟ್ಸಾಪ್ ಗುಂಪಿಗೆ ಹಾಕಿದೆ. ಆ ಲಿಂಕ್ ಕೊನೆಯ ಉತ್ತರದ್ದು ಅಂತಲೇ ನಾನು ತಿಳಿದಿದ್ದೆ. ಅದು ಇಡೀ ಮಾತುಕತೆಯದ್ದು. ಯಾರೇ ಒತ್ತಿದರೂ ನನ್ನ ಮೊದಲ ಸಾಲಿನಿಂದ ತೆರೆದುಕೊಳ್ಳುತ್ತಿತ್ತು. ಲಾಗಿನ್ ಬೇಕಿಲ್ಲ, ಪಾಸ್‌ವರ್ಡ್ ಬೇಕಿಲ್ಲ. ನಾನು ಒಮ್ಮೆ ಒತ್ತಿ ನೋಡಿದ್ದೆ ಕೂಡ. ಆದರೆ ನನ್ನ ಫೋನಿನಲ್ಲಿ ನನ್ನದೇ ಆ್ಯಪ್ ತೆರೆದು ನನ್ನದೇ ಚಾಟ್ ಕಂಡಿತು. ನನಗೆ ನನ್ನ ಚಾಟ್ ಕಾಣುವುದರಲ್ಲಿ ಏನು ವಿಶೇಷ ಅಂತ ಸುಮ್ಮನಾದೆ. ಬೇರೆಯವರ ಫೋನಿನಲ್ಲಿ ಹೇಗೆ ಕಾಣುತ್ತದೆ ಅಂತ ನೋಡುವ ಬುದ್ಧಿ ಬರಲಿಲ್ಲ. ಪಕ್ಕದಲ್ಲಿ ಕೂತ ಗಣಿತದ ಸರ್ ಫೋನಿನಲ್ಲಿ ತೆರೆದಿದ್ದರೆ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತಿತ್ತು.

ಒಬ್ಬ ಸಹೋದ್ಯೋಗಿ ಒಳ್ಳೆಯ ಮನಸ್ಸಿನಿಂದಲೇ ಅದನ್ನು ಬೇರೆ ಶಾಲೆಗಳ ಟೀಚರ್‌ಗಳ ಗುಂಪಿಗೆ ಕಳಿಸಿದರು. "ಉಪಯುಕ್ತ ಮಾಹಿತಿ, ತಪ್ಪದೇ ಓದಿ" ಅಂತ ಮೇಲೆ ಒಂದು ಸಾಲು, ಕೈ ಮುಗಿಯುವ ಚಿಹ್ನೆ. ಅಲ್ಲಿಂದ ಯಾರೋ ನಮ್ಮ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಗುಂಪಿಗೆ ಹಾಕಿದರು. ಆ ಗುಂಪಿನಲ್ಲಿ ಹುಡುಗಿಯ ಚಿಕ್ಕಪ್ಪ ಇದ್ದರು.

ನಾನು ಚಾಟ್ ಅಳಿಸಿದೆ. ಲಿಂಕ್ ಸತ್ತಿತು. ಸ್ಕ್ರೀನ್‌ಶಾಟ್‌ಗಳು ಸಾಯಲಿಲ್ಲ.

ಅಮ್ಮ ಶಾಲೆಗೆ ಬಂದರು. ಬೈಯುತ್ತಾರೆ ಅಂದುಕೊಂಡಿದ್ದೆ. "ಅಕ್ಕೋರೇ, ಅವ್ಳು ನಿಮ್ ಹತ್ರ ಅಂತ ಹೇಳಿದ್ದು. ಊರಿಗಲ್ಲ" ಅಂದರು, ಟಿಸಿ ಕೇಳಿದರು. ವರ್ಷದ ಮಧ್ಯದಲ್ಲಿ ಹುಡುಗಿ ಬೇರೆ ತಾಲೂಕಿನಲ್ಲಿರುವ ಸೋದರಮಾವನ ಮನೆಗೆ ಹೋದಳು. ಸಾಲದ ವಿಷಯಕ್ಕೆ ಮನೆಯಲ್ಲಿ ಏನು ನಡೆಯಿತು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ನನಗೆ ಮುಖ್ಯ ಶಿಕ್ಷಕರು ಮೆಮೊ ಕೊಟ್ಟರು, ನಾನು ಲಿಖಿತ ವಿವರಣೆ ಕೊಟ್ಟೆ, ಅದು ಫೈಲಿಗೆ ಹೋಯಿತು. ಆದರೆ ಆಮೇಲೆ ಆ ಕಡೆಯ ಮಕ್ಕಳು ನನ್ನ ಹತ್ತಿರ ಪಾಠದ ಡೌಟು ಬಿಟ್ಟು ಬೇರೆ ಏನನ್ನೂ ಹೇಳಿಲ್ಲ. ಯಾಕೆ ಹೇಳಬೇಕು?

ಹೆಸರು ತೆಗೆದರೆ ಆಯಿತು ಅನ್ನುವುದು ತುಂಬಾ ಹಳೆಯ ನಂಬಿಕೆ. ಅದು ಮುರಿದೂ ಬಹಳ ಕಾಲ ಆಯಿತು. 1990ರ ದಶಕದಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಸರ್ಕಾರಿ ನೌಕರರ ಆಸ್ಪತ್ರೆ ದಾಖಲೆಗಳನ್ನು ಹೆಸರು, ವಿಳಾಸ ತೆಗೆದು, ಹುಟ್ಟಿದ ದಿನ, ಲಿಂಗ, ಪಿನ್‌ಕೋಡ್ ಹಾಗೇ ಬಿಟ್ಟು ಸಂಶೋಧಕರಿಗೆ ಕೊಟ್ಟರು. ಯಾರ ಗುಟ್ಟೂ ಹೊರಗೆ ಹೋಗುವುದಿಲ್ಲ ಅಂತ ಗವರ್ನರ್ ವಿಲಿಯಂ ವೆಲ್ಡ್ ಭರವಸೆ ಕೊಟ್ಟಿದ್ದರು. ಆಗ ಎಂಐಟಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಲಟಾನ್ಯಾ ಸ್ವೀನಿ ಎಂಬವರು 20 ಡಾಲರ್ ಕೊಟ್ಟು ಕೇಂಬ್ರಿಡ್ಜ್ ಊರಿನ ಮತದಾರರ ಪಟ್ಟಿ ತಂದರು. ವೆಲ್ಡ್ ಇದ್ದದ್ದು ಅದೇ ಊರಲ್ಲಿ. ಅವರು ಹುಟ್ಟಿದ ದಿನವೇ ಹುಟ್ಟಿದವರು ಪಟ್ಟಿಯಲ್ಲಿ 6 ಜನ. ಅದರಲ್ಲಿ ಗಂಡಸರು 3. ವೆಲ್ಡ್ ಅವರ ಪಿನ್‌ಕೋಡಿನಲ್ಲಿ ಇದ್ದವರು ಒಬ್ಬರೇ. ಹೀಗೆ ಗವರ್ನರ್ ಅವರದ್ದೇ ಆಸ್ಪತ್ರೆ ದಾಖಲೆ ಸಿಕ್ಕಿತು. ಹುಟ್ಟಿದ ದಿನ, ಲಿಂಗ, ಪಿನ್‌ಕೋಡ್ ಈ ಮೂರು ಗೊತ್ತಿದ್ದರೆ ಅಮೆರಿಕದ ಶೇ 87ರಷ್ಟು ಜನರನ್ನು ಗುರುತಿಸಬಹುದು ಅಂತ ಆಮೇಲೆ ಸ್ವೀನಿ ಲೆಕ್ಕ ಹಾಕಿ ತೋರಿಸಿದರು.

ಅವರು ಪಟ್ಟಿಗೆ 20 ಡಾಲರ್ ಕೊಡಬೇಕಾಯಿತು. ನಮ್ಮ ಊರುಗಳಲ್ಲಿ ಆ ಪಟ್ಟಿ ಎಲ್ಲರ ತಲೆಯಲ್ಲೇ ಇರುತ್ತದೆ. "ಮರದಿಂದ ಬಿದ್ದವರ ಮಗಳು" ಅಂದರೆ ಸಾಕು, ಹೆಸರು ಯಾರಿಗೆ ಬೇಕು? ನಿಮ್ಮ ಹಾಸ್ಟೆಲ್‌ನಲ್ಲೂ ಅಷ್ಟೇ. ಯಾವ ರೂಮಿನವಳು ವಾರಕ್ಕೊಮ್ಮೆ ಊರಿಗೆ ಹೋಗುವುದಿಲ್ಲ ಅನ್ನುವುದು ಅಡುಗೆಯವರಿಗೂ ಗೊತ್ತಿರುತ್ತದೆ, ಅಲ್ವಾ?

ಕಾನೂನು ಬರೆದವರಿಗೆ ಇದು ಗೊತ್ತಿದೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ 2012ರ ಪೋಕ್ಸೋ ಕಾಯ್ದೆಯ 23ನೇ ಸೆಕ್ಷನ್‌ನಲ್ಲಿ ಮಗುವಿನ ಬಗ್ಗೆ ಮಾಧ್ಯಮಗಳು ಏನೇನು ಹೊರಗೆ ಹಾಕಬಾರದು ಅಂತ ಪಟ್ಟಿ ಇದೆ. ಹೆಸರು, ವಿಳಾಸ, ಫೋಟೋ ಅಷ್ಟೇ ಇಲ್ಲ. ಮನೆಯವರ ವಿವರ, ಶಾಲೆ, ನೆರೆಹೊರೆ, ಗುರುತು ಬಿಟ್ಟುಕೊಡುವ ಬೇರೆ ಯಾವುದೇ ವಿಷಯ ಅಂತಲೂ ಇದೆ. ಅದು ಬೇರೆ ಥರದ ಪ್ರಕರಣಗಳ ಕಾನೂನು, ನಿಮ್ಮ ಚಾಟ್‌ಗೆ ನೇರವಾಗಿ ಅನ್ವಯಿಸುವುದಿಲ್ಲ. ಆದರೂ ಆ ಪಟ್ಟಿಯನ್ನು ಒಂದು ಚೀಟಿಯಲ್ಲಿ ಬರೆದು ಮೇಜಿನ ಗಾಜಿನ ಕೆಳಗೆ ಇಟ್ಟುಕೊಳ್ಳಿ. ಇನ್ನು 2023ರ ಡಿಜಿಟಲ್ ವೈಯಕ್ತಿಕ ಡೇಟಾ ರಕ್ಷಣೆ ಕಾಯ್ದೆ. ಅದರಲ್ಲಿ 18 ತುಂಬದವರೆಲ್ಲ ಮಕ್ಕಳೇ, ಅವರ ಮಾಹಿತಿ ಬಳಸಲು ಅಪ್ಪ ಅಮ್ಮನ ಒಪ್ಪಿಗೆ ಬೇಕು ಅಂತ ಬರೆದಿದೆ. ಸ್ವಂತಕ್ಕೆ, ಮನೆ ಮಟ್ಟಿಗೆ ಬಳಸಿದರೆ ವಿನಾಯಿತಿ ಇದೆ ಅಂತ ಯಾರಾದರೂ ನಿಮಗೆ ಸಮಾಧಾನ ಹೇಳಬಹುದು. ವಾರ್ಡನ್ ಕೆಲಸ ನಿಮ್ಮ ಮನೆ ಕೆಲಸ ಅಲ್ಲ ಅಂತ ನಾನು ಹೇಳುತ್ತೇನೆ.

ಈಗ ದುಡ್ಡಿನ ಮಾತು. ತಿಂಗಳು ತಿಂಗಳು ದುಡ್ಡು ಕೊಟ್ಟರೆ ನಿಮ್ಮ ಮಾತು ಗುಟ್ಟಾಗಿ ಉಳಿಯುತ್ತದೆ ಅನ್ನುವುದು ಸುಮ್ನೆ ನಂಬಿಕೆ. ಚಾಟ್‌ಜಿಪಿಟಿಯಲ್ಲಿ ನಿಮ್ಮ ಮಾತನ್ನು ಎಐಗೆ ಕಲಿಸಲು, ಅಂದರೆ ತರಬೇತಿಗೆ, ಬಳಸಬೇಡಿ ಅಂತ ಹೇಳುವ ಸೆಟ್ಟಿಂಗ್ ಫ್ರೀ ಇದ್ದವರಿಗೂ ಇದೆ. ದುಡ್ಡು ಕೊಟ್ಟು ಪ್ಲಸ್ ತೆಗೆದುಕೊಂಡವರೂ ಆ ತರಬೇತಿಯನ್ನು ತಾವೇ ಹೋಗಿ ಆಫ್ ಮಾಡಬೇಕು. ಗೂಗಲ್‌ನ ಚಾಟ್‌ಬಾಟ್ ಜೆಮಿನಿಯವರಂತೂ ಕೆಲವು ಚಾಟ್‌ಗಳನ್ನು ಮನುಷ್ಯರೇ ಓದಬಹುದು, ಗುಟ್ಟಿನ ವಿಷಯ ಹಾಕಬೇಡಿ ಅಂತ ತಾವೇ ಬರೆದಿದ್ದಾರೆ. 2025ರ ಮೇ ತಿಂಗಳಲ್ಲಿ ಒಂದು ಮೊಕದ್ದಮೆ ನಡೆಯುವಾಗ, ಬಳಕೆದಾರರು ಅಳಿಸಿದ ಚಾಟ್‌ಗಳನ್ನೂ ಉಳಿಸಿಕೊಳ್ಳಿ ಅಂತ ಅಮೆರಿಕದ ಕೋರ್ಟ್ ಚಾಟ್‌ಜಿಪಿಟಿ ಮಾಡುವ ಓಪನ್‌ಎಐ ಕಂಪನಿಗೆ ಆದೇಶ ಕೊಟ್ಟಿತು. ಕೆಲವು ತಿಂಗಳು ಆ ಆದೇಶ ಜಾರಿಯಲ್ಲಿತ್ತು. ದುಡ್ಡು ಕೊಟ್ಟ ಪ್ಲಸ್‌ನವರಿಗೂ ಅದು ಅನ್ವಯ ಆಯಿತು. ಅದೇ ವರ್ಷ ಜುಲೈ ಕೊನೆಗೆ, ಜನ ಶೇರ್ ಮಾಡಿದ ಎಷ್ಟೋ ಚಾಟ್‌ಜಿಪಿಟಿ ಲಿಂಕ್‌ಗಳು ಗೂಗಲ್ ಹುಡುಕಾಟದಲ್ಲಿ ಸಿಗುತ್ತಿವೆ ಅಂತ ಸುದ್ದಿ ಆಯಿತು. ಹುಡುಕಾಟಕ್ಕೆ ಸಿಗಲಿ ಅನ್ನುವ ಒಂದು ಆಯ್ಕೆಗೆ ಅವರೇ ಟಿಕ್ ಹಾಕಿದ್ದರು. ಅರ್ಥ ಆಗಿ ಹಾಕಿದವರು ಎಷ್ಟು ಜನವೋ. ಕಂಪನಿ ಆ ಆಯ್ಕೆಯನ್ನೇ ತೆಗೆದುಹಾಕಿತು. ನಾನು ಓದಿ ಒಂದು ಕ್ಷಣ ಖುಷಿಪಟ್ಟೆ, ನನ್ನಂಥವರು ಇನ್ನೂ ಇದ್ದಾರಲ್ಲ ಅಂತ. ಕೆಟ್ಟ ಖುಷಿ.

ಆದರೆ ನೋಡಿ, ನನ್ನ ಹುಡುಗಿಗೆ ತೊಂದರೆ ಆಗಿದ್ದು ಅಮೆರಿಕದ ಯಾವ ಕಂಪನಿಯಿಂದಲೂ ಅಲ್ಲ. ಮೂರು ವಾಟ್ಸಾಪ್ ಗುಂಪು ಮತ್ತು ನಾನು. ಅದಕ್ಕೇ ಯಾವ ಆ್ಯಪ್ ಸುರಕ್ಷಿತ ಅನ್ನುವ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಹಾಸ್ಟೆಲ್ ಹುಡುಗಿ ನಿಮಗೆ ಹೇಳಿದ್ದನ್ನು ಇನ್ನೊಂದು ಕಡೆ ಹೇಳಲು ಅವಳನ್ನು ಕೇಳಿದಿರಾ? "ಇದರ ಬಗ್ಗೆ ನನಗೂ ಗೊತ್ತಿಲ್ಲಮ್ಮ, ಯಾರನ್ನಾದರೂ ಕೇಳಲಾ, ಇಷ್ಟು ಮಾತ್ರ ಹೇಳಿದರೆ ಪರವಾಗಿಲ್ವಾ" ಅಂತ ಕೇಳಿದರೆ ಹದಿನಾರು ವರ್ಷದ ಹುಡುಗಿಗೆ ಚೆನ್ನಾಗಿ ಅರ್ಥ ಆಗುತ್ತದೆ. ಬೇಡ ಅಂದರೆ ಬೇಡ. ನಾನು ಕೇಳಿದ್ದರೆ ಸಾಲದ ವಿಷಯ ಬೇಡ ಅಂತ ಅವಳೇ ಹೇಳುತ್ತಿದ್ದಳು.

ಚಾಟ್‌ಬಾಟ್ ಬಿಟ್ಟೇಬಿಡಿ ಅಂತ ನಾನು ಹೇಳುವುದಿಲ್ಲ. ನಾನೂ ಬಿಟ್ಟಿಲ್ಲ, ಪ್ರಶ್ನೆಪತ್ರಿಕೆ ಮಾಡಲು ದಿನಾ ಬೇಕು. ಮಕ್ಕಳ ವಿಷಯಕ್ಕೂ ಬಳಸಬಹುದು, ಕೇಳುವ ರೀತಿ ಬೇರೆ. ಮಗುವನ್ನು ಹೊರಗಿಟ್ಟು ತೊಂದರೆಯನ್ನು ಮಾತ್ರ ಕೇಳಿ. "ರಾತ್ರಿ ಕೆಲಸ ಮಾಡುವ ಹೈಸ್ಕೂಲ್ ಮಗು ತರಗತಿಯಲ್ಲಿ ನಿದ್ದೆ ಮಾಡಿದರೆ ಟೀಚರ್ ಹೇಗೆ ಮಾತಾಡಿಸಬೇಕು" ಅಂತ ಕೇಳಿದರೆ ಸಾಕಿತ್ತು. ಆಮೇಲೆ ನಾನು ಹಾಗೇ ಕೇಳಿ ನೋಡಿದೆ. ಹೆಚ್ಚೂಕಮ್ಮಿ ಅದೇ ಉತ್ತರ ಬಂತು. ಅಜ್ಜಿ, ಅಂಗನವಾಡಿ, ಸಂಘದ ಸಾಲ ಯಾವುದೂ ಬೇಕಾಗಿರಲಿಲ್ಲ. ಇದು ನನಗೆ ಎಲ್ಲಕ್ಕಿಂತ ಜಾಸ್ತಿ ಉರಿಸಿದ ವಿಷಯ.

ಬರೆದಮೇಲೆ ಕಳಿಸುವ ಮುಂಚೆ, ನಿಮ್ಮ ಬಸ್‌ಸ್ಟ್ಯಾಂಡಿನ ಚಾ ಅಂಗಡಿಯವರು ಇದನ್ನು ಓದಿದರೆ ಯಾರ ಮನೆ ಅಂತ ಹೇಳುತ್ತಾರಾ ಯೋಚಿಸಿ. ಹೇಳುತ್ತಾರೆ ಅನಿಸಿದರೆ ಅಳಿಸಿ. ಚಾಟ್‌ಬಾಟ್ ಇನ್ನಷ್ಟು ವಿವರ ಕೇಳುತ್ತದೆ, ಕೇಳಲಿ. ಉತ್ತರ ಕೊಡಲೇಬೇಕು ಅಂತ ಏನೂ ಇಲ್ಲ. ಶೇರ್ ಬಟನ್ ಮುಟ್ಟಬೇಡಿ, ಬೇಕಾದಷ್ಟು ಸಾಲು ಕೈಯಾರೆ ಟೈಪ್ ಮಾಡಿ.

ಈಗಾಗಲೇ ಬರೆದ ಚಾಟ್‌ಗಳು ಇವೆಯಲ್ಲ, ಇವತ್ತೇ ತೆರೆದು ಅಳಿಸಿ. ಸೆಟ್ಟಿಂಗ್ಸ್‌ನಲ್ಲಿ ಶೇರ್ ಮಾಡಿದ ಲಿಂಕ್‌ಗಳ ಪಟ್ಟಿ ಬೇರೆಯೇ ಇರುತ್ತದೆ, ಅದನ್ನೂ ನೋಡಿ. ಹಾಸ್ಟೆಲ್ ಕಂಪ್ಯೂಟರಿನಲ್ಲಿ ಲಾಗಿನ್ ಹಾಗೇ ಬಿಟ್ಟಿದ್ದರೆ ಲಾಗೌಟ್ ಮಾಡಿ. ಅಲ್ಲಿ ಹುಡುಗಿಯರೂ ಪ್ರಾಜೆಕ್ಟ್ ಮಾಡಲು ಕೂರುತ್ತಾರೆ.

ಇನ್ನು ಒಂದು ಮಗುವಿನ ಪೂರ್ತಿ ಕಥೆ ಹೇಳಿಯೇ ಸಲಹೆ ಕೇಳಬೇಕು ಅನ್ನುವಷ್ಟು ವಿಷಯ ದೊಡ್ಡದಿದ್ದರೆ, ಮನುಷ್ಯರಿಗೆ ಹೇಳಿ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರಿ ಸೇವೆ, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ನಮ್ಮ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಮಗುವಿಗೆ ಮನೆಯಲ್ಲೇ ಅಪಾಯ ಇದೆ ಅನಿಸಿದರೆ ಮಕ್ಕಳ ಸಹಾಯವಾಣಿ 1098. ಆ ಚಂದಾ ದುಡ್ಡು ಉಳಿಸಿ.