ಮಾತ್ರೆಗೆ ಬಗ್ಗದ ಎದೆಯುರಿ

ಪ್ರಶ್ನೆ: ಮಗನಿಗೆ 22 ವರ್ಷ. ಬಹಳ ದಿನದಿಂದ ಎದೆಯುರಿ, ಹುಳಿತೇಗು. ಗ್ಯಾಸ್ಟ್ರಿಕ್ ಮಾತ್ರೆಯಿಂದ ಪೂರ್ತಿ ಹೋಗಿಲ್ಲ. ಚಪಾತಿ, ಮಟನ್ ಎದೆಯಲ್ಲೇ ನಿಲ್ಲುತ್ತದೆಂದು ತುತ್ತಿಗೊಮ್ಮೆ ನೀರು ಕುಡಿಯುತ್ತಾನೆ. ಚಿಕ್ಕಂದಿನಲ್ಲಿ ಉಬ್ಬಸವಿತ್ತು. ನೆಂಟರ ಮಾತು ಕೇಳಿ ರಕ್ತಪರೀಕ್ಷೆ ಮಾಡಿಸಿದೆವು. ತೊಗರಿಬೇಳೆ, ಬದನೆಕಾಯಿ ಎಲ್ಲ ಸೇರಿ ಅಲರ್ಜಿಯ ಉದ್ದ ಪಟ್ಟಿ ಕೊಟ್ಟಿದ್ದಾರೆ. ಅಲರ್ಜಿಯಿಂದ ಆಸಿಡಿಟಿ ಬರುತ್ತದೆಯೇ?
– ಗೃಹಿಣಿ, ದಾವಣಗೆರೆ

ಉತ್ತರ: ಸಾಮಾನ್ಯವಾಗಿ ಇಲ್ಲಮ್ಮ. ತಡವಾಗಿ ಉಂಡು ಕೂಡಲೇ ಮಲಗುವುದು, ಬೊಜ್ಜು, ಸಿಗರೇಟು ಇವೇ ಹೆಚ್ಚಿನವರ ಎದೆಯುರಿಗೆ ಕಾರಣ. ಆದರೆ ತುತ್ತಿಗೊಮ್ಮೆ ನೀರು ಎಂದಿರಲ್ಲ, ಅದು ನನಗೆ ಸರಿಕಾಣಲಿಲ್ಲ. ಹರೆಯದ ಹುಡುಗ, ಹಿಂದೆ ಉಬ್ಬಸ, ಈಗ ಊಟ ಸಿಕ್ಕಿಕೊಳ್ಳುವುದು: ಮೂರೂ ಸೇರಿದರೆ ಇಯೊಸಿನೊಫಿಲಿಕ್ ಈಸೊಫೆಜೈಟಿಸ್ ಇದೆಯೇ ಎಂದು ನೋಡಲೇಬೇಕು. ಇದರಲ್ಲಿ ಆಹಾರದ ಅಲರ್ಜಿಯಿಂದ ಒಂದು ಬಗೆಯ ಬಿಳಿ ರಕ್ತಕಣಗಳು ಅನ್ನನಾಳದ ಒಳಪದರದಲ್ಲಿ ಬಂದು ಸೇರುತ್ತವೆ. ವರ್ಷಗಟ್ಟಲೆ ಬಿಟ್ಟರೆ ನಾಳವೇ ಕಿರಿದಾಗುತ್ತದೆ.

ಎಂಡೋಸ್ಕೋಪಿ, ಅಂದರೆ ಬಾಯಿಯಿಂದ ಕ್ಯಾಮೆರಾ ಕೊಳವೆ ಇಳಿಸಿ ನೋಡುವ ಪರೀಕ್ಷೆ, ಮಾಡಿಸಿ. ನಾಳ ನೋಡಲು ಚೆನ್ನಾಗಿದ್ದರೂ ಮೇಲೆ, ಕೆಳಗೆ ಸೇರಿ ಒಳಪದರದ ಕನಿಷ್ಠ 6 ಚೂರು ತೆಗೆದು ಬಯಾಪ್ಸಿಗೆ (ಸೂಕ್ಷ್ಮದರ್ಶಕದ ಪರೀಕ್ಷೆಗೆ) ಕಳಿಸಲು ಬಾಯಿಬಿಟ್ಟು ಕೇಳಿ. ಸೂಕ್ಷ್ಮದರ್ಶಕದಲ್ಲಿ ಹಿಗ್ಗಿಸಿ ನೋಡಿದ ಒಂದೇ ಜಾಗದಲ್ಲಿ ಆ ಬಿಳಿ ರಕ್ತಕಣ 15 ಅಥವಾ ಹೆಚ್ಚು ಕಂಡರೆ ಅನುಮಾನ ಬಲವಾಗುತ್ತದೆ. ಮಾತ್ರೆ ನುಂಗುತ್ತಿದ್ದರೆ ರೋಗ ಮರೆಯಾಗಿರಬಹುದು, ಮೊದಲೇ ನಿಲ್ಲಿಸಬೇಕೇ ಎಂದು ವೈದ್ಯರನ್ನೇ ಕೇಳಿ.

ಆ ಪಟ್ಟಿಯನ್ನು ಪಕ್ಕಕ್ಕಿಡಿ. ಅದರ ಮೇಲೆ ಐಜಿಜಿ (IgG, ರಕ್ತದಲ್ಲಿನ ಒಂದು ಬಗೆಯ ಪ್ರತಿಕಾಯ) ಎಂದಿದ್ದರೆ, ಹುಡುಗ ಅವನ್ನು ತಿಂದಿದ್ದಾನೆ ಎಂದಷ್ಟೇ ಅರ್ಥ. ತಕ್ಷಣ ಕಾಣುವ ಅಲರ್ಜಿಗೆ ಮಾಡುವ ಐಜಿಇ (IgE) ಪರೀಕ್ಷೆಯೂ ಈ ಕಾಯಿಲೆಯ ಕಾರಣವನ್ನು ನಂಬುವಂತೆ ತೋರಿಸದು. ತೊಗರಿಬೇಳೆ ಬಿಡಿಸಿದರೆ ಹುಡುಗ ಸೊರಗುತ್ತಾನೆ, ಅಷ್ಟೆ.

ಕಾಯಿಲೆ ಖಚಿತವಾದರೆ, ಅದೇ ಆಸಿಡಿಟಿ ಮಾತ್ರೆಯನ್ನು ಪೂರ್ಣ ಪ್ರಮಾಣದಲ್ಲಿ ಕೊಟ್ಟಾಗ ಎಷ್ಟೋ ಜನರಿಗೆ ಗುಣ ಸಿಗುತ್ತದೆ. ಇಲ್ಲವೇ ಅನ್ನನಾಳದ ಒಳಪದರಕ್ಕೆ ತಾಗುವಂತೆ ನುಂಗುವ ಸ್ಟೆರಾಯ್ಡ್ ಇದೆ, ಪಥ್ಯ ಇದೆ. ಪಥ್ಯದಲ್ಲಿ ಮೊದಲ ಅನುಮಾನ ಹಾಲಿನ ಮೇಲೆ. ಮೊಸರು, ಮಜ್ಜಿಗೆ, ಪನೀರು, ಹಾಲು ಹಾಕಿದ ಕಾಫಿ ಎಲ್ಲವೂ ಬಂದ್. ಬೆಣ್ಣೆದೋಸೆಯ ಊರಿನವರಿಗೆ ಇದನ್ನು ಹೇಳಲು ನನಗೂ ಸಂಕಟವೇ. ಎಮ್ಮೆ ಹಾಲಿಗೆ ಬದಲಾಯಿಸಿದರೂ ಪ್ರಯೋಜನವಿಲ್ಲ, ಲ್ಯಾಕ್ಟೋಸ್ (ಹಾಲಿನ ಸಕ್ಕರೆ) ತೆಗೆದದ್ದೂ ಅಷ್ಟೇ, ಏಕೆಂದರೆ ತಕರಾರು ಹಾಲಿನ ಪ್ರೋಟೀನಿನದು. ಆಮೇಲಿನ ಸರದಿ ಗೋಧಿಯದು. ಜೋಳದ ರೊಟ್ಟಿ ಇರುವ ಮನೆಗೆ ಅದೇನೂ ಕಷ್ಟವಲ್ಲ, ಆದರೆ ಉಪ್ಪಿಟ್ಟಿನ ರವೆ ಗೋಧಿಯದೇ, ಅಂಗಡಿ ಇಂಗಿನಲ್ಲೂ ಬಹಳಷ್ಟು ಸಲ ಗೋಧಿಹಿಟ್ಟು ಬೆರೆತಿರುತ್ತದೆ. ಡಬ್ಬಿಯ ಮೇಲೆ ಓದಿ ನೋಡಿ. ಬಯಾಪ್ಸಿಗೆ ಮುಂಚೆ ಮಾತ್ರ ಯಾವ ಪಥ್ಯವೂ ಬೇಡ.

ಈ ನಡುವೆ ತುತ್ತು ಸಿಕ್ಕಿಕೊಂಡು ಎಂಜಲೂ ಇಳಿಯದಂತಾದರೆ, ಬಾಳೆಹಣ್ಣು, ಅನ್ನದ ಉಂಡೆ ನುಂಗಿಸಿ ತಳ್ಳಲು ಹೋಗಬೇಡಿ. ಸೀದಾ ದೊಡ್ಡಾಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ.