ಮೂರ್‌ಟೌನಿಗೂ ನಮಗೂ ಏನು ನಂಟು?

ಹಾಸನದ ಓದುಗರೊಬ್ಬರು ಕೇಳಿದ್ದಾರೆ: ‘ಗಾಲ್ಫ್ ಆಟಗಾರ್ತಿ ಅದಿತಿ ಅಶೋಕ್ ಕುರಿತ ಲೇಖನದಲ್ಲಿ ಮೂರ್‌ಟೌನ್ ಕ್ಲಬ್ಬನ್ನು ರೈಡರ್ ಕಪ್ ಹುಟ್ಟಿದ ನೆಲ ಎಂದಿದ್ದೀರಿ, ಸರಿಯೇ? ಅಷ್ಟಕ್ಕೂ ಇಂಗ್ಲೆಂಡಿನ ಕ್ಲಬ್ಬೊಂದರ ಹಳೇ ಪಂದ್ಯ ಕಟ್ಟಿಕೊಂಡು ನಮಗೇನಾಗಬೇಕು?’

ಮಾನ್ಯರೇ,

ಮೊದಲನೆಯದು ನಮ್ಮದೇ ತಪ್ಪು, ಕ್ಷಮಿಸಿ. ರೈಡರ್ ಕಪ್ ಎಂಬ ಗಾಲ್ಫ್ ಪಂದ್ಯ ಬ್ರಿಟನ್ ಮತ್ತು ಅಮೆರಿಕ ತಂಡಗಳ ನಡುವೆ ಶುರುವಾದದ್ದು 1927ರಲ್ಲಿ, ಅಮೆರಿಕದ ವೂಸ್ಟರ್‌ನಲ್ಲಿ. ಬ್ರಿಟನ್ ಅಲ್ಲಿ ಹೀನಾಯವಾಗಿ ಸೋತಿತ್ತು. ಎರಡು ವರ್ಷದ ನಂತರ ಅಮೆರಿಕದವರು ಮೂರ್‌ಟೌನಿಗೆ ಬಂದರು. ಬ್ರಿಟನ್ನಿನ ನೆಲದಲ್ಲಿ ನಡೆದ ಮೊದಲ ರೈಡರ್ ಕಪ್ ಅದು.

ಲೀಡ್ಸ್ ಊರಿನ ಉತ್ತರದ ಅಂಚಿನಲ್ಲಿರುವ ಈ ಮೈದಾನವನ್ನು ರೂಪಿಸಿದವರು ಅಲಿಸ್ಟರ್ ಮೆಕೆಂಜಿ. ಓದಿದ್ದು ವೈದ್ಯಕೀಯ, ಮನಸ್ಸು ನೆಟ್ಟಿದ್ದು ಹುಲ್ಲುನೆಲದ ಮೇಲೆ. ಮುಂದೆ ಹೆಸರಾಂತ ಗಾಲ್ಫ್ ಆಟಗಾರ ಬಾಬಿ ಜೋನ್ಸ್ ಜೊತೆ ಸೇರಿ ಅಮೆರಿಕದ ಆಗಸ್ಟಾ ಮೈದಾನವನ್ನು ರೂಪಿಸಿದವರೂ ಇವರೇ. ಮೂರ್‌ಟೌನಿನಲ್ಲಿ ಅವರು ಮಾಡಿದ ‘ಜಿಬ್ರಾಲ್ಟರ್’ ಎಂಬ ಹೋಲ್ (ಚೆಂಡನ್ನು ಒಂದು ಗುಳಿಗೆ ಸೇರಿಸುವವರೆಗಿನ ಆಟದ ಹಂತ) ಇಂದಿಗೂ ಹೆಸರುವಾಸಿ. ಅದರ ಗ್ರೀನ್, ಅಂದರೆ ಗುಳಿಯಿರುವ ನುಣುಪಾದ ಹುಲ್ಲುಹಾಸು, ಬಂಡೆಯ ಮೇಲೆ ಕೂತಿದೆ. ಆಟ ಶುರುಮಾಡುವ ಜಾಗವಾದ ಟೀಯಿಂದ ಹೊಡೆದ ಒಂದೇ ಏಟಿಗೆ ಚೆಂಡು ಹೋಗಿ ಅದರ ಮೇಲೆ ನಿಲ್ಲಬೇಕು. ಕೊಂಚ ಅತ್ತಿತ್ತ ಆದರೂ ಅಂಚಿನಿಂದ ಜಾರಿ ಕೆಳಗೆ.

1929ರ ಏಪ್ರಿಲ್‌ನಲ್ಲಿ ಪಂದ್ಯ. ಉಕ್ಕಿನ ಹಿಡಿಯ ಗಾಲ್ಫ್ ಕೋಲಿಗೆ ಬ್ರಿಟನ್‌ನಲ್ಲಿ ಆಗಿನ್ನೂ ಅನುಮತಿ ಇರಲಿಲ್ಲ, ಎಲ್ಲರೂ ಹಿಕರಿ ಮರದ ಹಿಡಿಯ ಕೋಲುಗಳಲ್ಲೇ ಆಡಬೇಕಿತ್ತು. ಮೊದಲ ದಿನ ಜೋಡಿ ಆಟ ಮುಗಿದಾಗ ಅಮೆರಿಕ ಒಂದು ಪಾಯಿಂಟ್ ಮುಂದಿತ್ತು. ಮರುದಿನ ಸಿಂಗಲ್ಸ್. ನಾಯಕನಿಗೆ ನಾಯಕ ಎದುರಾದರು: ಬ್ರಿಟನ್ನಿನ ಜಾರ್ಜ್ ಡಂಕನ್ ಮತ್ತು ಅಮೆರಿಕದ ವಾಲ್ಟರ್ ಹೇಗನ್. ಆಗಿನ ಲೆಕ್ಕದಲ್ಲಿ ಹೇಗನ್ ಜಗತ್ತಿನ ಅತಿ ದೊಡ್ಡ ಆಟಗಾರರಲ್ಲೊಬ್ಬರು. ಆದರೆ 36 ಹೋಲ್‌ಗಳ ಆಟ 28ಕ್ಕೇ ಮುಗಿದುಹೋಯಿತು! ಹೆಚ್ಚು ಹೋಲ್ ಗೆದ್ದವರಿಗೆ ಜಯ ಎಂಬ ಆಟವದು; ಡಂಕನ್ 10 ಹೋಲ್ ಮುಂದಿದ್ದರು, ಆಡಲು ಉಳಿದದ್ದು ಎಂಟೇ. ನಾಯಕನೇ ಹೀಗೆ ಆಡಿದ ಮೇಲೆ ಕೇಳಬೇಕೆ? ಬ್ರಿಟನ್ 7–5ರಿಂದ ಕಪ್ ಗೆದ್ದಿತು. ಹೇಗನ್ ಎದೆಗುಂದಲಿಲ್ಲ ಅನ್ನುವುದನ್ನೂ ಹೇಳಬೇಕು. ಕೆಲವೇ ದಿನಗಳಲ್ಲಿ ಮ್ಯೂರ್‌ಫೀಲ್ಡ್‌ನಲ್ಲಿ ಬ್ರಿಟಿಷ್ ಓಪನ್ ಗೆದ್ದೇ ಊರಿಗೆ ಮರಳಿದರು.

ಇನ್ನು ‘ನಮಗೇನಾಗಬೇಕು’ ಎಂಬ ಮಾತು. 2015ರಲ್ಲಿ ಬೆಂಗಳೂರಿನ ಅದಿತಿ, ಹದಿನೇಳರ ಹುಡುಗಿ, ಬ್ರಿಟಿಷ್ ಮಹಿಳಾ ಅಮೆಚೂರ್ ಸ್ಟ್ರೋಕ್ ಪ್ಲೇ ಚಾಂಪಿಯನ್‌ಶಿಪ್ ಗೆದ್ದದ್ದು ಇದೇ ಮೂರ್‌ಟೌನಿನಲ್ಲಿ. ಸ್ಟ್ರೋಕ್ ಪ್ಲೇಯಲ್ಲಿ ಒಂದು ಹೋಲ್ ಕೆಟ್ಟರೆ ಅದನ್ನು ಅಲ್ಲೇ ಬಿಟ್ಟು ಮುಂದೆ ಹೋಗುವಂತಿಲ್ಲ, ಪ್ರತಿ ಏಟೂ ಕೊನೆಯವರೆಗೆ ಲೆಕ್ಕದಲ್ಲಿ ಉಳಿಯುತ್ತದೆ. ಅಂಥ ಆಟದಲ್ಲಿ ನಮ್ಮ ಹುಡುಗಿ ಮೊದಲಿಗಳಾದಳು. ಆ ಗೆಲುವಿನ ತೂಕ ತಿಳಿಯಬೇಕಾದರೆ ನೆಲದ ಪರಿಚಯವೂ ಬೇಕು ಅನ್ನಿಸಿತು, ಅದಕ್ಕೇ ಅಷ್ಟು ಬರೆದೆವು. ಆರು ವರ್ಷದ ನಂತರ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವಳಾದಾಗ ಊರೆಲ್ಲ ಬೆಳಗಿನ ಜಾವವೇ ಎದ್ದು ಟಿವಿ ಮುಂದೆ ಕೂತಿತ್ತು. ಮೂರ್‌ಟೌನ್ ಗೆದ್ದ ದಿನ ನಮ್ಮಲ್ಲಿ ಎಷ್ಟು ಜನಕ್ಕೆ ಸುದ್ದಿ ಗೊತ್ತಿತ್ತು, ಹೇಳಿ?