ಹೊಸ ಬಿಯರ್ಡೆಡ್ ಡ್ರ್ಯಾಗನ್ (ಮನೆಯಲ್ಲಿ ಸಾಕುವ, ಓತಿಕ್ಯಾತದ ಜಾತಿಯ ಪ್ರಾಣಿ) ನಾಲ್ಕು ದಿನದಿಂದ ಏನೂ ತಿನ್ನುತ್ತಿಲ್ಲ, ಏನು ಮಾಡಲಿ?

ಬೆಂಗಳೂರಿಂದ ಕೊಪ್ಪಳದವರೆಗೆ ರಾತ್ರಿಯೆಲ್ಲ ಬಸ್ಸಿನಲ್ಲಿ ಡಬ್ಬಿಯೊಳಗೆ ಕುಲುಕಾಡಿಕೊಂಡು ಬಂದ ಮೂರು ತಿಂಗಳ ಮರಿ ನಾಲ್ಕು ದಿನ ಊಟ ಬಿಟ್ಟರೆ ಅದೇನು ದೊಡ್ಡ ವಿಷಯವಲ್ಲ. ನನ್ನದು ಬಳ್ಳಾರಿಗೆ ಬಂದಾಗ ಆರು ದಿನ ಒಂದು ಹುಳ ಮುಟ್ಟಲಿಲ್ಲ. ಗಡ್ಡ (ಗಂಟಲ ಕೆಳಗಿನ ಮುಳ್ಳುಮುಳ್ಳು ಚರ್ಮ) ಕಪ್ಪು ಮಾಡಿಕೊಂಡು ಮೂಲೆಯಲ್ಲಿ ಕೂತುಬಿಟ್ಟಿತ್ತು. ಒಂದು ವಾರ ಅದನ್ನು ಎತ್ತಬೇಡಿ, ಓಣಿ ಮಕ್ಕಳಿಗೆಲ್ಲ ತೋರಿಸಬೇಡಿ. ಅದನ್ನಿಟ್ಟ ಗಾಜಿನ ಟ್ಯಾಂಕಿನ ಮೂರು ಬದಿಗೆ ಹೊರಗಿನಿಂದ ಹಾಳೆ ಅಂಟಿಸಿದರೆ ಗಾಜು ಕೆರೆಯುವುದೂ ಕಡಿಮೆಯಾಗುತ್ತದೆ. ಮುಂಗಾಲು ಎತ್ತಿ ಟಾಟಾ ಮಾಡುತ್ತದೆ ಅಂತ ಖುಷಿಯಿಂದ ಬರೆದಿದ್ದೀರಿ. ಅದು ಟಾಟಾ ಅಲ್ಲ, 'ನಾನು ಸಣ್ಣವನು, ನನ್ನ ತಂಟೆಗೆ ಬರಬೇಡ' ಅಂತ.

ಇನ್ನು 'ನಮ್ಮಲ್ಲೇ ಇಷ್ಟು ಬಿಸಿಲಿದೆ, ಲೈಟ್ ಯಾಕೆ' ಅಂದಿದ್ದೀರಲ್ಲ, ನಾನೂ ಹಾಗೇ ಅಂದುಕೊಂಡಿದ್ದೆ. ಆಸ್ಟ್ರೇಲಿಯಾದ ಒಣನೆಲದ ಪ್ರಾಣಿ, ಬಳ್ಳಾರಿ ಅದಕ್ಕೆ ತವರುಮನೆ ಇದ್ದಂಗೆ ಅಂತ ಏಪ್ರಿಲ್‌ನಲ್ಲಿ ಟ್ಯಾಂಕನ್ನು ಹಾಗೇ ಮಾಳಿಗೆ ಮೇಲಿಟ್ಟು ಚಹಾ ಕುಡಿದು ಬರುವಷ್ಟರಲ್ಲಿ ಅದು ಬಾಯಿ ತೆರೆದು ಅಂಗಾತ ಬೀಳುವ ಸ್ಥಿತಿಯಲ್ಲಿತ್ತು. ಬಿಸಿಲಿಗಿಟ್ಟ ಗಾಜಿನ ಪೆಟ್ಟಿಗೆ ಅಂದರೆ ಒಲೆ. ಕಾಡಿನಲ್ಲಾದರೆ ಬಿಸಿ ಜಾಸ್ತಿಯಾದಾಗ ಬಿಲಕ್ಕೋ ಪೊದೆಗೋ ಓಡುತ್ತದೆ, ಇಲ್ಲಿ ಎಲ್ಲಿಗೆ ಹೋಗಬೇಕು ಹೇಳಿ? ಕಿಟಕಿ ಪಕ್ಕ ಇಟ್ಟರೂ ಲಾಭವಿಲ್ಲ. ಅದಕ್ಕೆ ಬೇಕಾದ ಯುವಿಬಿ (ಬಿಸಿಲಿನಲ್ಲಿರುವ ಒಂದು ಬಗೆಯ ನೇರಳಾತೀತ) ಕಿರಣವನ್ನು ಗಾಜು ತಡೆದುಬಿಡುತ್ತದೆ. ಯುವಿಬಿ ಇಲ್ಲದಿದ್ದರೆ ಮೈಯಲ್ಲಿ ವಿಟಮಿನ್ ಡಿ3 ತಯಾರಾಗಲ್ಲ, ಡಿ3 ಇಲ್ಲದಿದ್ದರೆ ಕ್ಯಾಲ್ಸಿಯಂ ಮೈಗೆ ಹತ್ತಲ್ಲ, ದವಡೆ ಮತ್ತು ಕಾಲಿನ ಮೂಳೆ ಮೆತ್ತಗಾಗುತ್ತದೆ. ಹಾಗಾಗಿ ಉದ್ದನೆಯ ಯುವಿಬಿ ಟ್ಯೂಬ್ ತಗೊಳ್ಳಿ, ದಿನಕ್ಕೆ 12 ಗಂಟೆ ಉರಿಸಿ. ಉರಿಯುತ್ತಿದ್ದರೂ 6 ರಿಂದ 12 ತಿಂಗಳಲ್ಲಿ ಅದರ ಯುವಿಬಿ ಕುಂದುತ್ತದೆ, ಬದಲಿಸಬೇಕು.

ಬಿಸಿಯ ಲೈಟ್ ಒಂದೇ ತುದಿಗೆ ಇರಲಿ. ಅದರ ಕೆಳಗಿನ ಕಲ್ಲು ಸುಮಾರು 40 ಡಿಗ್ರಿ, ಇನ್ನೊಂದು ತುದಿ 30ರ ಒಳಗೆ. ಕೈಯಿಟ್ಟು ಅಂದಾಜು ಮಾಡಬೇಡಿ, ಥರ್ಮಾಮೀಟರ್ ಇಡಿ (ಕೊರೊನಾ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದ ಗನ್ ಇದಕ್ಕೆ ಬರಲ್ಲ). ತಿಂದದ್ದು ಅರಗುವುದೇ ಈ ಬಿಸಿಯಿಂದ. ಬಿಸಿ ಸಾಲದೆ ಇದ್ದರೆ ಅದು ತಿನ್ನಲ್ಲ, ನೀವು ಹುಳ ಬದಲಿಸುತ್ತಾ ಕೂತಿರುತ್ತೀರಿ. ನಮ್ಮ ಕಡೆ ತೊಂದರೆ ತಿರುಗುಮುರುಗು. ಏಪ್ರಿಲ್, ಮೇನಲ್ಲಿ ರೂಮೇ 38 ಆದಾಗ ಬಿಸಿ ಲೈಟ್ ಆರಿಸಿ, ಯುವಿಬಿ ಮಾತ್ರ ಇಟ್ಟು, ತಂಪಿನ ಕಡೆ ಗಾಜಿಗೆ ಹೊರಗಿನಿಂದ ಒದ್ದೆ ಬಟ್ಟೆ ಹಾಕುತ್ತೇನೆ.

ಊಟದ ವಿಷಯದಲ್ಲಿ ನೀವು ಕೊಡುತ್ತಿರುವ ಪಾಲಕ್ ನಿಲ್ಲಿಸಿ, ಅದು ಕ್ಯಾಲ್ಸಿಯಂ ಅನ್ನು ಮೈಗೆ ಹತ್ತದಂತೆ ಹಿಡಿದಿಟ್ಟುಕೊಳ್ಳುತ್ತದೆ. ನುಗ್ಗೆ ಸೊಪ್ಪು, ದಾಸವಾಳದ ಹೂವು ಮತ್ತು ಎಲೆ, ತುರಿದ ಕುಂಬಳಕಾಯಿ ಒಳ್ಳೆಯದು. ಮರಿ ಸೊಪ್ಪನ್ನು ಮೂಸಿ ನೋಡಲ್ಲ, ಆದರೂ ದಿನಾ ಬೆಳಿಗ್ಗೆ ಇಡಿ. ಈ ವಯಸ್ಸಿಗೆ ಹುಳವೇ ಮುಖ್ಯ. ದಿನಕ್ಕೆ ಎರಡು ಮೂರು ಸಲ, ಹತ್ತು ನಿಮಿಷದಲ್ಲಿ ತಿನ್ನುವಷ್ಟು, ಅದರ ಎರಡು ಕಣ್ಣಿನ ನಡುವಿನ ಅಂತರಕ್ಕಿಂತ ದೊಡ್ಡದಲ್ಲದ ಹುಳ, ಕ್ಯಾಲ್ಸಿಯಂ ಪುಡಿ ಹಚ್ಚಿ. ಉಳಿದ ಹುಳ ತೆಗೆದುಬಿಡಿ, ರಾತ್ರಿ ಅವು ಮರಿಯನ್ನೇ ಕಚ್ಚುತ್ತವೆ. ದೊಡ್ಡದಾದ ಮೇಲೆ ಲೆಕ್ಕ ಉಲ್ಟಾ, ಸೊಪ್ಪು ಜಾಸ್ತಿ, ಹುಳ ಕಡಿಮೆ.

ಹೊಲದಲ್ಲಿ ಮಿಡತೆ ಹಿಡಿದು ಹಾಕುವ ಯೋಚನೆ ಇದ್ದರೆ ಬಿಡಿ. ಹತ್ತಿ, ಮೆಣಸಿನಕಾಯಿ, ಭತ್ತಕ್ಕೆ ಎಷ್ಟು ಎಣ್ಣೆ (ಕೀಟನಾಶಕ) ಹೊಡೀತಾರೆ ನಿಮಗೇ ಗೊತ್ತಲ್ವಾ? ಮಿಂಚುಹುಳವಂತೂ ವಿಷ, ಒಂದು ತಿಂದರೂ ಸಾಯಬಹುದು. ಹತ್ತಿರದಲ್ಲಿ ಯಾರಾದರೂ ರೇಷ್ಮೆ ಸಾಕುತ್ತಿದ್ದರೆ ಹೋಗಿ ಕೇಳಿ. ರೇಷ್ಮೆ ಹುಳ ಮೆತ್ತಗೆ, ನೀರಿನಂಶವೂ ಜಾಸ್ತಿ. ಸೊಪ್ಪಿಗೆ ಎಣ್ಣೆ ಬಿದ್ದರೆ ಅವೇ ಮೊದಲು ಸಾಯುತ್ತವೆ, ಹಾಗಾಗಿ ರೈತರು ಹುಷಾರಾಗಿರುತ್ತಾರೆ. ರೋಗ ಬರದಿರಲಿ ಅಂತ ರೈತರು ಹಾಕುವ ಪೌಡರ್ ಉದುರಿಸದ, ಚುರುಕಾಗಿರುವ ಸಣ್ಣ ಹುಳ ಆರಿಸಿ. ನನ್ನದು ಏಳನೇ ದಿನ ಬಾಯಿ ಹಾಕಿದ್ದು ಇದಕ್ಕೇ.

ಒಂದು ವಾರವಾದರೂ ತಿನ್ನದಿದ್ದರೆ, ಅಥವಾ ಅದಕ್ಕೂ ಮೊದಲೇ ಕಣ್ಣು ಗುಳಿಬಿದ್ದು ಬಾಲದ ಬುಡ ಸಣ್ಣಗಾದರೆ, ಅದರ ಹಿಕ್ಕೆ ಸಮೇತ ಸರೀಸೃಪ ನೋಡುವ ವೈದ್ಯರ ಹತ್ತಿರ ಒಯ್ಯಿರಿ. ಅಂದಹಾಗೆ, ತಳಕ್ಕೆ ಹಾಕಿರುವ ಆ ಮರಳನ್ನು ಇವತ್ತೇ ತೆಗೆದು ಪೇಪರ್ ಹಾಸಿ. ಹುಳದ ಜೊತೆ ಮರಳು ನುಂಗಿದರೆ ಕರುಳು ಕಟ್ಟಿಕೊಳ್ಳಬಹುದು.